ರತ್ನತ್ತೆಗೆ ಅಂಟಿಸಿದ ಇಂಗ್ಲಿಷ್ ಪದ

ಆಗೆಲ್ಲ ನಮ್ಮ ಹುಣಸೂರು ಕಡೆ ಆಷಾಢ ಕಳೆಯಿತೆಂದರೆ ಊರಿಗೆ ಊರೇ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ಬೆಳಿಗ್ಗೆ ಮುರಿದು ತಂದ ಹಸಿ ಎಲೆಯನ್ನು, ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ ಮುಂದಿನ ಚಪ್ಪರದಡಿ ರಾಶಿ ಹಾಕಿ, ಹೆಂಗಸರು ಮಕ್ಕಳೆಲ್ಲ ಕೂತು ದಾರದಲ್ಲಿ ಕಡ್ಡಿಗೆ ಕಟ್ಟುತ್ತಿದ್ದೆವು. ಎಲೆಯ ಅಂಟು ಬೆರಳಿಗೆ ಕಪ್ಪಗೆ ಮೆತ್ತಿಕೊಂಡು, ಎಷ್ಟು ತಿಕ್ಕಿ ತೊಳೆದರೂ ಮಧ್ಯಾಹ್ನದ ಮುದ್ದೆ ಕಹಿಯಾಗುತ್ತಿತ್ತು. ಆ ಕಹಿಯನ್ನು ಮರೆಸುತ್ತಿದ್ದುದು ರತ್ನತ್ತೆಯ ಮಾತು.

ರತ್ನತ್ತೆ ಅಪ್ಪನ ಕಿರಿಯ ತಂಗಿ. ಅವಳು ಪಿರಿಯಾಪಟ್ಟಣಕ್ಕೆ ಹೋಗಿಬಂದರೆ ಬಸ್ಸಿನ ಕಂಡಕ್ಟರು, ಬೈಲಕುಪ್ಪೆಯ ಸ್ವೆಟರ್ ಅಂಗಡಿಯ ಟಿಬೆಟ್ ಹೆಂಗಸು, ಪಕ್ಕದ ಸೀಟಿನ ಬುಟ್ಟಿಯೊಳಗೆ ಕೂತಿದ್ದ ಹುಂಜ, ಎಲ್ಲರೂ ಅವಳ ಬಾಯಲ್ಲಿ ನಮ್ಮ ಚಪ್ಪರಕ್ಕೆ ಬಂದು ಕೂರುತ್ತಿದ್ದರು. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಅಕ್ಕಪಕ್ಕದವರು ತಮ್ಮ ಸೊಪ್ಪು ಕಟ್ಟುವ ದಿನ ಅಜ್ಜಿಯ ಹತ್ತಿರ ಬಂದು, ರತ್ನಿಯನ್ನು ಒಂದಿಷ್ಟು ಹೊತ್ತು ಕಳಿಸಿಕೊಡಿ ಎಂದು ಕೇಳುತ್ತಿದ್ದರು. ಅವಳಿದ್ದರೆ ಆಳುಗಳು ಮನೆಗೆ ಹೋಗುವ ನೆಪ ಹುಡುಕುತ್ತಿರಲಿಲ್ಲ.

ನಾನೂ ಅದೇ ತಳಿ. ಆರನೇ ಕ್ಲಾಸಿನ ಬೋರ್ಡಿನ ಮೂಲೆಯಲ್ಲಿ ಲೀಡರ್ ಹುಡುಗಿ 'ಟಾಕೆಟಿವ್ಸ್' ಎಂದು ಬರೆದು, ಮೊದಲು ನನ್ನ ಹೆಸರು ಹಾಕಿ ಆಮೇಲೆ ತಲೆಯೆತ್ತಿ ಉಳಿದವರನ್ನು ನೋಡುತ್ತಿದ್ದಳು. ಇಂಗ್ಲಿಷ್ ಮೇಷ್ಟ್ರು ಇನ್ನೂ ಉದಾರಿ. ಚಾಟರ್‌ಬಾಕ್ಸ್ ಎಂದರು, ಗ್ಯಾರುಲಸ್ ಎಂದರು. ನನ್ನಿಂದಾಗಿ ಇಡೀ ಕ್ಲಾಸಿನ ಇಂಗ್ಲಿಷ್ ಸುಧಾರಿಸಿತು. ಮಾತುಗಾರರಿಗೆ ಅವರ ಹತ್ತಿರ ಅಷ್ಟು ಪದಗಳಿದ್ದವು, ಎಲ್ಲವೂ ಬೈಗುಳ. ಮನೆಯಲ್ಲಿ ಹೇಳಿದರೆ ಅಪ್ಪ ನಕ್ಕು, 'ಲಾಯರಾಯ್ತಾನೆ ಬುಡು' ಎಂದು ತಲೆ ಸವರಿದರು.

ಆ ವರ್ಷ ಸೊಪ್ಪಿನ ಕಾಲದಲ್ಲೇ ಕೆ.ಆರ್. ನಗರದ ಕಡೆಯಿಂದ ರತ್ನತ್ತೆಯನ್ನು ನೋಡಲು ಬಂದರು. ಗಂಡು ಹೈಸ್ಕೂಲು ಮೇಷ್ಟ್ರು. ಚಾಪೆಯ ಮೇಲೆ ಕೂತವನು ಉಪ್ಪಿಟ್ಟು ಬಂದಾಗಲೂ ಮಾತಾಡುತ್ತಿದ್ದ, ಕಾಫಿ ಆರಿ ಕೆನೆಗಟ್ಟಿದಾಗಲೂ ಮಾತಾಡುತ್ತಿದ್ದ. ತನ್ನ ಟ್ರಾನ್ಸ್‌ಫರು, ತನ್ನ ಹೆಡ್‌ಮೇಷ್ಟ್ರು, ತನ್ನ ಸ್ಕೂಟರಿನ ಮೈಲೇಜು. ಅತ್ತೆ ನಡುವೆ ಕೇಳಿದ್ದು ಒಂದೇ ಪ್ರಶ್ನೆ: ಸ್ಕೂಟರು ಅಷ್ಟು ಚೆನ್ನಾಗಿದ್ದರೆ ಬಸ್ಸಿನಲ್ಲಿ ಯಾಕೆ ಬಂದಿರಿ ಎಂದು. ಅವನ ತಾಯಿಗೇ ನಗು ಬಂತು. ಅವನಿಗೆ ಬರಲಿಲ್ಲ.

ಅದೇ ವಾರ ಸಂಬಂಧ ತಂದಿದ್ದ ಮರಿಗೌಡರು ಒಬ್ಬರೇ ಬಂದು, ಜಗಲಿಯಲ್ಲಿ ಕೂತು, ದನಿ ತಗ್ಗಿಸಿದರು. 'ಹುಡುಗಿ ಟಾಕೆಟಿವ್ ಅಂತೆ ಕಣ್ರವ್ವ. ಅದೊಂದು ಅವ್ರಿಗೆ ಆಗಕಿಲ್ವಂತೆ.'

ಅಜ್ಜಿಯ ಮುಖ ಬಿಳಿಚಿಕೊಂಡಿತು. ಯಾವುದೋ ಕಾಯಿಲೆ ಎಂದುಕೊಂಡಿದ್ದಳು. ನನ್ನನ್ನು ಕರೆದು, 'ಅಂಗಂದ್ರೇನ್ಲಾ?' ಎಂದಳು. ನನ್ನ ಬಿರುದು ನನಗೆ ಗೊತ್ತಿಲ್ಲವೇ? ಜಾಸ್ತಿ ಮಾತಾಡುವವರು ಎಂದೆ. 'ಅಷ್ಟೇಯಾ' ಎಂದು ಅವಳು ಉಸಿರು ಬಿಟ್ಟಳು.

ಅಪ್ಪ ಬಿಡಲಿಲ್ಲ. ನನ್ನ ತಲೆ ಸವರಿದ್ದ ಅಪ್ಪನೇ, ಅದೇ ಪದಕ್ಕೆ, ಅದೇ ಮನೆಯಲ್ಲಿ ತಂಗಿಯ ಮೇಲೆ ಕೂಗಾಡಿದರು. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಬಿಪಿ ಏರುತ್ತದೆ. ಏರಬಹುದೆಂಬ ಭಯಕ್ಕೆ ಮಾತ್ರೆ ನುಂಗಿಯೇ ಬರೆಯಲು ಕೂತಿದ್ದೇನೆ. ಬಾಯಿ ಜಾಸ್ತಿ ಎಂದು ಕನ್ನಡದಲ್ಲಿ ಹೇಳಿ ಕಳಿಸಿದ್ದರೆ ಅಜ್ಜಿ ತಕ್ಕ ಉತ್ತರ ಕೊಡುತ್ತಿದ್ದಳು. ಇಂಗ್ಲಿಷಿನಲ್ಲಿ ಬಂದದ್ದರಿಂದ ಡಾಕ್ಟರು ಹೇಳಿದ ಮಾತಿನಂತೆ ಎಲ್ಲರೂ ನಂಬಿದರು. ಕಾಫಿ ಆರುವಷ್ಟು ಹೊತ್ತು ಕೊರೆದ ಆ ಮಹಾಶಯನಿಗೆ ಯಾವ ಭಾಷೆಯಲ್ಲೂ ಯಾರೂ ಒಂದು ಪದ ಹುಡುಕಲಿಲ್ಲ.

ಚಿಕಿತ್ಸೆ ಶುರುವಾಯಿತು. ಚಪ್ಪರದಡಿ ಅತ್ತೆ ಬಾಯಿ ತೆರೆದರೆ ಅಪ್ಪ ಕೆಮ್ಮುತ್ತಿದ್ದರು. ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಎಲೆ ಸರಿಸುವ ಸದ್ದು, ದಾರ ಜಗ್ಗುವ ಸದ್ದು ಬಿಟ್ಟರೆ ಏನೂ ಇಲ್ಲ. ಆಳುಗಳು ಸೂರ್ಯನ ಕಡೆ ನೋಡತೊಡಗಿದರು.

ಆಮೇಲೆ ಬಿಳಿಕೆರೆಯ ಕಡೆಯಿಂದ ಇನ್ನೊಬ್ಬರು ಬಂದರು. ಅವರ ಮುಂದೆ ಅತ್ತೆ ತುಟಿ ಬಿಚ್ಚಲಿಲ್ಲ. ಹೆಸರು ಕೇಳಿದರೆ ಅಪ್ಪ ಹೇಳಿದರು, ಎಷ್ಟು ಓದಿದ್ದಾಳೆ ಎಂದರೆ ಅಜ್ಜಿ ಹೇಳಿದಳು. ಕೊನೆಗೆ ಗಂಡಿನ ತಾಯಿಗೆ ಅನುಮಾನ ಬಂದು, 'ಮಗೀಗೆ ಮಾತು ಬತ್ತದಾ?' ಎಂದರು.

ಅತ್ತೆ ತಲೆ ಎತ್ತಿದಳು. 'ಬತ್ತದೆ ಕಣ್ರಮ್ಮ. ಎಷ್ಟು ಬೇಕು ಅಂತ ನೀವೇ ಏಳ್ಬುಡಿ, ಅಷ್ಟೇ ಆಡ್ತೀನಿ.'

ಈ ಸಂಬಂಧವೂ ಹೋಯಿತು ಎಂದುಕೊಂಡೆ. ಕೆಟ್ಟದ್ದನ್ನೇ ಮೊದಲು ಎಣಿಸುವ ಚಟ ನನಗೆ ಆಗಲೇ ಇತ್ತು. ಆದರೆ ಆ ತಾಯಿ ಗಂಭೀರವಾಗಿಯೇ, 'ಕೇಳಿದ್ದಕ್ಕೆ ಉತ್ರ ಕೊಟ್ರೆ ಸಾಕು ಕಣವ್ವ' ಎಂದರು. ಒಪ್ಪಿಗೆಯಾಯಿತು. ಅಪ್ಪ ಗೆದ್ದವರಂತೆ ಸಕ್ಕರೆ ಹಂಚಿದರು. ಆಕೆ ಹೇಳಿದ್ದನ್ನು ನಮ್ಮಲ್ಲಿ ಯಾರೂ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆ ಹಾಕಿಕೊಂಡಳು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಹಾಗೇ ನಡೆದುಕೊಂಡಿದ್ದಾಳೆ.

ಹೋದ ಚಳಿಗಾಲ ನಮ್ಮ ಮನೆಗೆ ಬಂದಿದ್ದಳು. ಎಲ್ಲರೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಹಿಂದೆ ಕಾಕನಕೋಟೆ ಕಡೆಯ ನೆಂಟರ ಮದುವೆಯಲ್ಲಿ, ಆನೆ ಬಂತೆಂದು ಯಾರೋ ಕೂಗಿ ಗಂಡಿನ ಕಡೆಯವರೆಲ್ಲ ಅಟ್ಟ ಹತ್ತಿದ್ದನ್ನು ಹೇಳು ಎಂದು ಕೇಳಿದೆ. ಅವಳು ಕಣ್ಣೆತ್ತದೆ, 'ನೀನೇ ಏಳಪ್ಪ, ನಿಂಗೆ ಚೆನ್ನಾಗಿ ಬತ್ತದೆ' ಎಂದಳು.

ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಿಮ್ಮ ಮಾತು ಕೇಳುತ್ತಿದ್ದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ ಎಂದು ಹೆಂಡತಿ ಮೆಚ್ಚಿಕೊಂಡಳು. ಅಟ್ಟದ ಮೇಲಿನಿಂದ ಮದುಮಗನ ಸೋದರಮಾವ ಏನೋ ಕೂಗಿದ್ದ. ಕತೆಯ ಜೀವವೇ ಅದು. ನೆನಪಾಗದೆ ತಡವರಿಸಿ ಅತ್ತೆಯ ಮುಖ ನೋಡಿದೆ. ಅವಳಿಗೆ ಗೊತ್ತಿತ್ತು. ತುಟಿ ಅಲುಗಿತು. ಆಮೇಲೆ ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿದುಕೊಂಡು, ಹಸುವಿಗೆ ಹಾಕಲು ಎದ್ದು ಹೋದಳು.