ಗಂಗಾಳ ಗಂಟು, ನಮ್ಮವ್ವನ ಸಾಲಿ

ಐದು ವರ್ಷದ ನನ್ನ ಮಗಳು ಗಂಗಾ ಎಂಟು ತಿಂಗಳಿಂದ ಬಾಲವಾಡಿಗೆ ಹೋಗುತ್ತಿದ್ದಾಳೆ. ಹನ್ನೆರಡು ಹಾಡು ಬರುತ್ತವೆ. ಅಕ್ಷರ? ಒಂದೂ ಇಲ್ಲ.

'ಮಕ್ಕಳನ್ನು ಅವರ ಪಾಡಿಗೆ ಬಿಡಿ, ತಾವೇ ಕಲಿಯುತ್ತವೆ' ಎಂದು ಇದೇ ಕಾಲಂನಲ್ಲಿ ನಾನು ಬರೆದದ್ದು ನಿಮಗೆ ನೆನಪಿರಬಹುದು. (ಮರೆತಿದ್ದರೆ ಉಪಕಾರ.) ಆಗ ಗಂಗಾ ತೊಟ್ಟಿಲಲ್ಲಿದ್ದಳು. ಮಂದಿಯ ಮಕ್ಕಳ ಬಗ್ಗೆ ಬರೆಯುವುದು ಎಷ್ಟು ಸುಲಭ ನೋಡಿ.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮನೆಮನೆಗೂ ಮಗ್ಗ. ನಮ್ಮವ್ವ ಸೀರೆ ನೇಯುತ್ತಲೇ ತೀರ್ಪು ಕೊಟ್ಟಳು: "ಬರೇ ಆಡಾಕ ಸಾಲಿ ಯಾಕ ಬೇಕು? ಮುಂದಿನ ವರ್ಷ ಒಂದನೇ ಇಯತ್ತಿಗೆ ಕಳಸೂದು ಬ್ಯಾಡ. ಮನ್ಯಾಗ ನೂಲು ಸುತ್ತಲಿ."

ಅವ್ವ ಅಂದದ್ದು ಮಾಡುವವಳು. ನಮ್ಮ ಅಕ್ಕನನ್ನು ಹೀಗೇ ಸಾಲಿ ಬಿಡಿಸಿ ಮಗ್ಗದ ಮುಂದೆ ಕೂರಿಸಿದ್ದಳು.

ಬಾಲವಾಡಿಗೆ ಓಡಿ ಶಿಕ್ಷಕಿಗೆ ಹೇಳಿದೆ: "ಅಕ್ಕೋರ, ಆಟ ಸಾಕ್ರಿ. ಅಕ್ಷರ ತಿದ್ದಸ್ರಿ."

ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದ ಅಕ್ಕೋರು ನಕ್ಕರು. "ಮಕ್ಕಳು ತಾವ ಕಲೀತಾವಂತ ಬರದಾವ್ರು ನೀವ ಅಲ್ರಿ? ಇರ್ಲಿ, ನಾಳೆ ನಿಮ್ಮ ತಾಯಾರನ್ನ ಕರಕೊಂಡು ಬರ್ರಿ."

ಮರುದಿನ ಅವ್ವ ಬಂದು ಚಾಪೆಯ ಮೇಲೆ ಕೂತಳು. ಗಂಗಾ ಎರಡು ನೂಲಿನ ತುದಿ ಹಿಡಿದು ಗಂಟು ಹಾಕಲು ಒದ್ದಾಡುತ್ತಿದ್ದಳು. ಮೂರು ಸಲ ಬಿಚ್ಚಿತು. ಅವ್ವ ಮಿಸುಕಲಿಲ್ಲ. ಕೊನೆಗೆ ಗಂಗಾ ಅಜ್ಜಿಯ ಮುಖ ನೋಡಿ, "ಹ್ಯಾಂಗ ಆಯಿ?" ಅಂದಳು. ಅವ್ವ ಆ ಪುಟ್ಟ ಬೆರಳು ಹಿಡಿದು ಒಂದೇ ಸಲ ತೋರಿಸಿ ಕೈಬಿಟ್ಟಳು. ಗಂಟು ನಿಂತಿತು.

"ಮೊದಲ ಯಾಕ ತೋರಸಲಿಲ್ರೀ ಆಯಿ?" ಅಕ್ಕೋರು ಕೇಳಿದರು.

"ಕೇಳೂಕಿಂತ ಮೊದಲ ತೋರ್ಸಿದ್ರ ಕೈ ಕಲಿಯೂದಿಲ್ಲವ್ವಾ. ಕೇಳಿದ ಮ್ಯಾಲೂ ತೋರಸದಿದ್ರ ನೂಲು ಹಾಳು."

"ನಾ ಹೇಳೂದೂ ಇದನ್ನ ಅಲ್ರಿ?" ಅಕ್ಕೋರು ಗೆದ್ದವರಂತೆ ನನ್ನ ಕಡೆ ನೋಡಿದರು.

ಆಗ ಗಂಗಾ ಬಾಯಿ ಬಿಟ್ಟಳು. "ಅಕ್ಕೋರ, ನನ್ನ ಹೆಸರು ಬರಿಯೂದು ತೋರಸ್ರಿ ಅಂತ ನಾ ಎಷ್ಟ ದಿನದಿಂದ ಕೇಳಾಕತ್ತೀನಿ?"

ಅಕ್ಕೋರ ಮುಖ ಕೆಂಪಾಯಿತು. "ಇನ್ನೂ ಸಣ್ಣಾಕಿ ಅಂತ ಬಿಟ್ಟಿದ್ದೆ" ಎನ್ನುತ್ತ ಪಾಟಿ, ಬಳಪ ತಂದರು. (ಟ್ರೇನಿಂಗಿನಲ್ಲಿ ಗಂಗಾಳಂಥವರು ಸಿಕ್ಕಿರಲಿಕ್ಕಿಲ್ಲ.)

ಸಂಜೆ ಅವ್ವ ತಾನೇ ಅಂದಳು: "ಸಾಲಿಗೆ ಅಕೀ ಹೆಸರು ಹಚ್ಚು." ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ?

ಗಂಗಾ ಪಕ್ಕದಲ್ಲೇ ಪಾಟಿಯ ಮೇಲೆ ಹೆಸರು ಬರೆಯುತ್ತಿದ್ದಳು. ಎರಡನೆಯ ಅಕ್ಷರ ಅಂಗಾತ ಮಲಗಿತ್ತು. ತಿದ್ದೋಣವೆಂದು ಕೈ ಚಾಚಿದೆ.

ಅವ್ವ ಮಗ್ಗದಿಂದಲೇ ಕೇಳಿದಳು: "ಅಕಿ ನಿನ್ನ ಕೇಳ್ಯಾಳೇನು?"