ವಿಲಾಯತಿಯಲ್ಲಿ ಓದಿ ಬಂದ ಡಾಕ್ಟರಣ್ಣ

ಹೋದ ವಾರ ಮೊಮ್ಮಗಳು ಹೆರಿಗೆ ಮುಗಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಳು. ಕೂಸನ್ನು ನನ್ನ ಮಡಿಲಿಗೆ ಹಾಕಲು ಬಗ್ಗಿದಾಗ ಅವಳ ಸೀರೆಯಿಂದ ಕಾರ್ಬಾಲಿಕ್ ಸೋಪಿನ ವಾಸನೆ ಬಂತು. ಅದು ಮೂಗಿಗೆ ಬಡಿದದ್ದೇ ತಡ, ಅಜ್ಜಂಪುರದ ನಮ್ಮ ತವರುಮನೆಯ ಕತ್ತಲೆ ಕೋಣೆ ಕಣ್ಣಿಗೆ ಕಟ್ಟಿತು. ಆ ಕೋಣೆಯ ಹೊಸಿಲ ಬಳಿ ಮೊಣಕೈವರೆಗೂ ಕೈ ತಿಕ್ಕಿ ತೊಳೆಯುತ್ತ ನಿಂತಿದ್ದ ಡಾಕ್ಟರಣ್ಣ...

ಅವರು ಪಕ್ಕದ ಮನೆಯವರು. ಹತ್ತಿ ವ್ಯಾಪಾರದ ಮನೆತನ. ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲಕ್ಕೆ ಅವರು ಬೆಂಗಳೂರಿನ ಓದು ಮುಗಿಸಿ, ಬೊಂಬಾಯಿಯಲ್ಲಿ ಹಡಗು ಹತ್ತಿ, ಡಾಕ್ಟರಿಕೆ ಓದಲು ಸ್ಕಾಟ್‌ಲೆಂಡಿಗೆ ಹೋದರು. ಹೊರಟ ದಿನ ಬೀದಿಯವರೆಲ್ಲ ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆವು. ಅವರ ತಾಯಿ ಕಿಟಕಿ ಹಿಡಿದುಕೊಂಡು, "ಕೊರಳಿನ ಲಿಂಗ ಮಾತ್ರ ತೆಗೀಬ್ಯಾಡ ಕಣೋ ಮಗನೇ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಆ ತಾಯಿಗೆ ಮಗನ ಮುಖ ನೋಡುವ ಯೋಗ ಮತ್ತೆ ಬರಲಿಲ್ಲ.

ಅವರು ಊರಿಗೆ ಮರಳುವ ಹೊತ್ತಿಗೆ ನನ್ನನ್ನು ಯಗಟಿಗೆ ಕೊಟ್ಟಾಗಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ನೋಡಿದೆ. ತುಂಬ ಸಣ್ಣಗಾಗಿದ್ದರು. ಮುಂದಲೆಯ ಕೂದಲು ಉದುರಿತ್ತು. ಪಡಸಾಲೆಯಲ್ಲಿ ಮೇಜು ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು, ರೋಗಿಗಳು ಬರುತ್ತಿರಲಿಲ್ಲ. ಸಮುದ್ರ ದಾಟಿದವರು, ಯಾರ ಕೈಯಲ್ಲಿ ಏನು ಉಂಡರೋ ಎಂಬ ಅನುಮಾನ ಒಂದು. ಓದಿಗಾಗಿ ಹೆಣ ಕುಯ್ದವರು ಎಂಬ ಹೇಸಿಗೆ ಇನ್ನೊಂದು. ಮಠದ ಸ್ವಾಮಿಗಳೇ ಪಾದೋದಕ ಕೊಟ್ಟು ಆಶೀರ್ವಾದ ಮಾಡಿದ್ದರಂತೆ. ಒಪ್ಪದಿದ್ದವರು ನಮ್ಮ ಬೀದಿಯವರು. ಮದುವೆಮನೆಗಳಲ್ಲಿ ಅವರಿಗೆ ದೂರದಲ್ಲಿ ಬೇರೆ ಎಲೆ ಹಾಕುತ್ತಿದ್ದರು. ಹೆಣ್ಣು ಕೊಡಲು ಯಾರೂ ಮುಂದೆ ಬರಲಿಲ್ಲ.

ನನಗೆ ಮುಂಜಾನೆ ನೋವು ಕಾಣಿಸಿಕೊಂಡಿತು. ಮರುದಿನ ಬಿಸಿಲೇರಿದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ಬೆವರಿದಳು.

"ಕೂಸು ಅಡ್ಡ ಬಿದ್ದೈತೆ ಕಣವ್ವ. ನನ್ ಕೈಲಿ ಆಗಲ್ಲ."

ಕಡೂರಿನ ಆಸ್ಪತ್ರೆಗೆ ಗಾಡಿಯಲ್ಲಿ ಒಯ್ದರೆ ದಾರಿಯಲ್ಲೇ ಜೀವ ಹೋದೀತು ಎಂದರು. ಗೋಡೆಯಾಚೆಗೇ ಡಾಕ್ಟರಿದ್ದಾರೆ ಎಂಬುದು ಎಲ್ಲರ ಮನಸ್ಸಿನಲ್ಲೂ ಇತ್ತು, ಬಾಯಿ ಬಿಟ್ಟು ಹೇಳುವವರಿರಲಿಲ್ಲ. ಕೊನೆಗೆ ಅವ್ವ ಅಳುತ್ತಲೇ ಆ ಮಾತೆತ್ತಿದಳು. ಅಜ್ಜಿ ಕೋಣೆಯ ಬಾಗಿಲಿಗೆ ಅಡ್ಡ ಕೂತಿದ್ದಳು.

"ಹೆಣ ಕುಯ್ದ ಕೈ ಕಣೇ ಅದು. ಅದರ ಮೇಲೆ ಗಂಡಸು. ಇವಳ ಅತ್ತೆ ಮನೇವ್ರಿಗೆ ನಾಳೆ ಏನ್ ಹೇಳ್ತೀಯ?"

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಎಲ್ಲಿಂದ ಶಕ್ತಿ ಬಂತೋ, ಒಳಗಿನಿಂದ ಕೂಗಿದೆ.

"ನಾನ್ ಸತ್ರೆ ಅವ್ರಿಗೆ ಏನ್ ಹೇಳ್ತೀಯಜ್ಜೀ? ಅಣ್ಣನ್ನ ಕರೀರಿ!"

ಅಜ್ಜಿ ಎದ್ದು, ಬೇರೆ ಯಾರನ್ನೂ ಕಳಿಸದೆ ತಾನೇ ಪಕ್ಕದ ಮನೆಗೆ ಹೋಗಿ, "ಬಾರಪ್ಪಾ, ನಮ್ ಹುಡುಗೀನ ಉಳಿಸ್ಕೊಡು" ಎಂದಳಂತೆ.

ಡಾಕ್ಟರಣ್ಣ ಬಂದವರೇ ಬಿಸಿನೀರು ಕೇಳಿದರು. ಕೈ ತೊಳೆದದ್ದು ಎಷ್ಟು ಹೊತ್ತೋ. ಆಮೇಲೆ ನನ್ನ ತಲೆಯ ಬಳಿ ಬಗ್ಗಿ, "ಹೆದರ್ಬೇಡ ತಂಗೀ. ಕೂಸನ್ನ ಒಳಗೇ ತಿರುಗಿಸ್ಬೇಕು. ಈ ಔಷಧಿ ಮೂಸು, ನೋವು ಗೊತ್ತಾಗಲ್ಲ" ಎಂದರು. ಬಟ್ಟೆಯೊಂದನ್ನು ಮೂಗಿಗೆ ಹಿಡಿದರು. ಸಿಹಿಯಾದ ವಾಸನೆ... ಮುಂದಿನದು ಅವ್ವ ಹೇಳಿ ಗೊತ್ತು. ಕಾಲು ಹಿಡಿದು ಹೊರತೆಗೆದಾಗ ಕೂಸು ನೀಲಿಗಟ್ಟಿತ್ತಂತೆ. ಸೂಲಗಿತ್ತಿ ಹೋಯ್ತು ಎಂದು ಕೈ ಚೆಲ್ಲಿದಳಂತೆ. ಅವರು ಅದರ ಪುಟ್ಟ ಬಾಯಿಗೆ ಬಾಯಿಟ್ಟು ಉಸಿರೂದುತ್ತಲೇ ಇದ್ದರು, ಅಜ್ಜಿ ಕದಲದೆ ನೋಡುತ್ತಲೇ ಇದ್ದಳು. ನನಗೆ ಎಚ್ಚರವಾದಾಗ ಹೆಣ್ಣುಕೂಸು ಅಳುತ್ತಿತ್ತು.

ಬಾಣಂತನದಲ್ಲಿ ನನಗೆ ಜ್ವರ ಬಂದೀತೆಂದು ಅವರು ದಿನವೂ ಬಂದು ನಾಡಿ ನೋಡುತ್ತಿದ್ದರು. ಬಾಗಿಲಾಚೆ ಅಜ್ಜಿ ಮಣೆ ಹಾಕುತ್ತಿದ್ದಳು. ಅಲ್ಲಿ ಕೂತು ಸ್ಕಾಟ್‌ಲೆಂಡಿನ ಸುದ್ದಿ ಹೇಳುತ್ತಿದ್ದರು. ಬಾಡಿಗೆಗೆ ಕೋಣೆ ಕೇಳಿದರೆ, ಇವರ ಬಣ್ಣ ನೋಡಿ ಖಾಲಿ ಇಲ್ಲ ಎನ್ನುತ್ತಿದ್ದರಂತೆ. ಮಾಂಸ ಮುಟ್ಟದ ಇವರಿಗೆ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಉಪ್ಪು ಹಾಕಿದ ಗಂಜಿ ಇಷ್ಟೇ ಊಟ. ಮೇಷ್ಟ್ರು ಇಲ್ಲಿ ಕಲಿಸಿದ ಇಂಗ್ಲಿಷು ಅಲ್ಲಿನವರಿಗೆ ತಿಳಿಯದು, ಅಲ್ಲಿನವರದು ಇವರಿಗೆ ತಿಳಿಯದು. ಬಾಯಿಮಾತಿನ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗಿದ್ದರು. ಮತ್ತೆ ಕೂರಬೇಕೆನ್ನುವಾಗ ತಾಯಿ ಹೋದ ಸುದ್ದಿ ಮುಟ್ಟಿತು. ಇಲ್ಲಿ ಮಣ್ಣು ಮಾಡಿ ತಿಂಗಳು ಕಳೆದಿತ್ತು.

"ಅತ್ರೆ ಓದಿದ್ದೆಲ್ಲಾ ಮರ್ತೋಗುತ್ತೆ ಅಂತ ಅಳಲಿಲ್ಲ ತಂಗೀ. ಪಾಸಾದ್ಮೇಲೆ ಅಳೋಣ ಅಂದ್ರೆ ಅಳೂನೇ ಬರಲಿಲ್ಲ" ಎಂದರು.

ಅಲ್ಲಿ ಓದುವವರು ಬಡವರ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸಬೇಕಾಗಿತ್ತು. ಒಂದು ಮನೆಯಲ್ಲಿ ಗಂಡ ಬಾಗಿಲಿಗೆ ಅಡ್ಡ ನಿಂತು, ಕರಿಯನ ಕೈ ತನ್ನ ಹೆಂಡತಿಯನ್ನು ಮುಟ್ಟಕೂಡದು ಎಂದನಂತೆ. ಇವರು ಆ ಚಳಿಯಲ್ಲಿ ಮೆಟ್ಟಿಲ ಮೇಲೆ ಕೂತರು. ಹೋಗಿಬಿಡಬಹುದಾಗಿತ್ತು.

"ಯಾಕಪ್ಪಾ ಹೋಗ್ಲಿಲ್ಲ?" ಅಜ್ಜಿ ಕೇಳಿದಳು.

"ಒಳಗೆ ಅವಳು ನರಳೋದು ಕೇಳಿಸ್ತಿತ್ತು ಅಜ್ಜೀ. ಆಮೇಲೆ ಅವಳೇ ಕೂಗಿ ಕರೆಸಿದ್ಳು."

ಅಜ್ಜಿ ಆವತ್ತು ಮಧ್ಯಾಹ್ನ ಅವರನ್ನು ಒಳಗೆ ಕರೆದು, ನಮ್ಮ ಮನೆಯ ಗಂಡಸರ ಸಾಲಿನಲ್ಲೇ ಎಲೆ ಹಾಕಿ, ತಾನೇ ಬಡಿಸಿದಳು.

ನಮ್ಮ ಮನೆ ಬದಲಾಯಿತೆಂದು ಊರೇನೂ ಬದಲಾಗಲಿಲ್ಲ. ಕೆಲವು ಹೆಂಗಸರು ಹಿತ್ತಿಲ ಬಾಗಿಲಿನಿಂದ ಕರೆಸುತ್ತಿದ್ದರು, ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದರು. ಸಾಕಾಗಿ ಡಾಕ್ಟರಣ್ಣ ತರೀಕೆರೆಗೆ ಹೋದರು. ಕಾಡಿನಂಚಿನ ಆ ಸೀಮೆಯಲ್ಲಿ ಚಳಿಜ್ವರ ಹೆಚ್ಚು. ಕೈ ಯಾವುದನ್ನು ಮುಟ್ಟಿತ್ತು ಎಂದು ಕೇಳುವ ಪುರುಸೊತ್ತು ಜನಕ್ಕಿರಲಿಲ್ಲ. ಅಲ್ಲಿ ಅವರು ನೆಲೆಯಾದರು ಎಂದು ಕೇಳಿ ಸಂತೋಷಪಟ್ಟಿದ್ದೆ.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ದೊಡ್ಡ ಇನ್‌ಫ್ಲುಯೆಂಜಾ ಬಂತು. ಮನೆಮನೆಯಲ್ಲೂ ಹೆಣ. ಯಗಟಿಯಲ್ಲಿ ನಾನೂ ಮಲಗಿದೆ, ಹೇಗೋ ಬದುಕಿದೆ. ಎದ್ದು ಕೂರುವಂತಾದಾಗ ಅಜ್ಜಿ ನೋಡಲು ಬಂದಳು. ತಲೆ ಸವರುತ್ತ ಮೆಲ್ಲಗೆ ಹೇಳಿದಳು.

"ಡಾಕ್ಟ್ರು ಹೋಗ್ಬಿಟ್ಟ ಕಣೇ. ಜ್ವರದೋರ ಮನೆಗಳಿಗೆ ತಿರುಗಿ ತಿರುಗಿ ಅವನಿಗೂ ಅಂಟ್ಕೊಂತು. ಹೊರೋಕೆ ಗಂಡಸ್ರು ಸಾಲದೆ, ಹೆರಿಗೆ ಮಾಡ್ಸಿದ ಮನೇ ಹೆಂಗಸ್ರೇ ಬಂದು ಮಣ್ಣು ಹಾಕಿದ್ರಂತೆ."

ಅಷ್ಟು ಹೇಳಿ ಅಜ್ಜಿ ಗೋಡೆ ಕಡೆ ಮುಖ ಮಾಡಿ ಕೂತಳು.

ಈ ಕತೆಯನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ನನ್ನ ಮಗಳೂ, ಅವರು ಉಸಿರೂದಿ ಉಳಿಸಿದ ಆ ಕೂಸು, ತಲೆ ನರೆತು ಪಕ್ಕದಲ್ಲೇ ಕೂತಿದ್ದಳು.

"ನೋಡೋಕೆ ಹೆಂಗಿದ್ರಜ್ಜೀ ಅವ್ರು?" ಎಂದಳು ಮೊಮ್ಮಗಳು.

ಸಣಕಲು ಮೈ, ಉದ್ದ ಮೂಗು ಎಂದೆ. ಕಣ್ಣು ಹೇಗಿದ್ದವು ಎಂದು ನೆನೆಯಲು ಹೋದೆ... ತೋಚಲಿಲ್ಲ. ಅವರದೊಂದು ಪಟ ಯಾರ ಮನೆಯಲ್ಲೂ ಇಲ್ಲ. ಅವ್ವ, ಅಜ್ಜಿ, ಆ ಬೀದಿಯವರು ಎಲ್ಲರೂ ಹೋದರು. ಡಾಕ್ಟರಣ್ಣನನ್ನು ಕಂಡವಳು ಇನ್ನು ನಾನೊಬ್ಬಳೇ. ನನಗೇ ಅವರ ಮುಖ ಪೂರ್ತಿಯಾಗಿ ಬರುತ್ತಿಲ್ಲ.