ಸಹಿ ಹಾಕದ ಮೂವರು

ಮೊನ್ನೆ ಶನಿವಾರ ಮೆಂತ್ಯದ ಹಿಟ್ಟಿನ ಹಳೆಯ ಡಬ್ಬಿ ತೆರೆದೆ. ಹಿಟ್ಟು ಮುಗಿದು ಎಷ್ಟೋ ಕಾಲವಾಗಿದ್ದರೂ ಘಮ ಮಾತ್ರ ಹಾಗೇ ಇತ್ತು. ನಾವು ಹೋಗಲಿದ್ದ ಕ್ಯುಪರ್ಟಿನೋದ ಅಪಾರ್ಟ್‌ಮೆಂಟಿನ ಬಾಡಿಗೆ ಕರಾರುಪತ್ರ ಲ್ಯಾಪ್‌ಟಾಪಿನಲ್ಲಿ ನನ್ನ ಸಹಿಗೆ ಕಾಯುತ್ತಿತ್ತು. ಸಹಿ ಹಾಕುವ ಮೊದಲೇ ಅಡುಗೆಮನೆ ಖಾಲಿ ಮಾಡಲು ಕೂತಿದ್ದೆ, ಅಷ್ಟು ಆತುರ ನನಗೆ. ಡಬ್ಬಿಯ ತಳದಲ್ಲಿ ಒಂದು ರಟ್ಟಿನ ಚೀಟಿ, ಅದರ ಮೇಲೆ ನನ್ನದೇ ಕೈಬರಹ: ‘ಸರ್ಕಾರದ ಮೂರು ಅಂಗಗಳು ಯಾವುವು?’

ಅದು ನಮ್ಮತ್ತೆಯ ಪಾಠಕ್ಕೆಂದು ನಾನು ಬರೆದಿದ್ದ ಚೀಟಿ. ಹಾಸನದ ಕಡೆಯವರು, ಡ್ಯಾನ್‌ವಿಲ್‌ನ ಈ ಮನೆಯಲ್ಲೇ ಹದಿನೈದು ವರ್ಷ ಕಳೆದಿದ್ದರು. ಅಷ್ಟು ವರ್ಷ ಗ್ರೀನ್ ಕಾರ್ಡಿದ್ದ ಹಿರಿಯರು ಪೌರತ್ವದ ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಕೊಡಬಹುದು ಎಂದು ಎಲ್ಲೋ ಓದಿದ್ದೇ ತಡ, ಅತ್ತೆ ಅಮೆರಿಕದ ಪ್ರಜೆಯಾಗಬೇಕೆಂದು ನಾನು ತೀರ್ಮಾನಿಸಿಬಿಟ್ಟೆ. ನಮ್ಮವರು ಆಗಲಿ ಎಂದು ತಲೆಯಾಡಿಸಿದರು. ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಹತ್ತು ಜನರನ್ನು ಕೇಳದೆ ಒಂದು ಇಮೇಲನ್ನೂ ಕಳಿಸದವಳು ನಾನು. ಮನೆಗೆ ಬಂದರೆ ಮಾತ್ರ ಮಹಾರಾಣಿ.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಾಠ ನಡೆಯುತ್ತಿತ್ತು. ಕಿಟಕಿಯಾಚೆ ಒಣಹುಲ್ಲಿನ ಗುಡ್ಡಗಳು ಬಿಸಿಲಲ್ಲಿ ಹೊಂಬಣ್ಣವಾಗಿ ತೂಕಡಿಸುತ್ತಿದ್ದವು. ಅತ್ತೆಯೂ ಕಣ್ಣು ಮುಚ್ಚಿಯೇ ಕೇಳುತ್ತಿದ್ದರು. ನಿದ್ದೆ ಹೋದರೇನೋ ಎಂದುಕೊಳ್ಳುವಷ್ಟರಲ್ಲಿ ಪ್ರಶ್ನೆ ಬರುತ್ತಿತ್ತು. ಕಾನೂನು ಮಾಡುವವರು ಒಬ್ಬರು, ನಡೆಸುವವರು ಒಬ್ಬರು, ಸರಿಯೋ ತಪ್ಪೋ ಹೇಳುವವರು ಇನ್ನೊಬ್ಬರು, ಯಾರ ಕೈಗೂ ಪೂರ್ತಿ ಕೊಟ್ಟಿಲ್ಲ ಎಂದು ನಾನು ಹೇಳಿದರೆ, ಒಬ್ಬರ ಮೇಲೊಬ್ಬರಿಗೆ ಅಷ್ಟೊಂದು ಅನುಮಾನವೇ ಎಂದು ಕೇಳುತ್ತಿದ್ದರು. ಮೇಲ್ಮನೆಯಲ್ಲಿ ಸಣ್ಣ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ಇಬ್ಬಿಬ್ಬರೇ ಎಂಬುದು ಮಾತ್ರ ಅವರಿಗೆ ತುಂಬ ಹಿಡಿಸಿತು. ಅವರು ತಮ್ಮ ಮನೆಯ ಕಿರಿಸೊಸೆಯಾಗಿ ಬಾಳಿದವರು.

ಅದಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಈ ದೇಶದ ಸಂವಿಧಾನ ಬರೆದ ಬೇಸಿಗೆಯ ಕಥೆ. ಗುಟ್ಟು ಹೊರಬೀಳದಿರಲೆಂದು ಕಿಟಕಿ ಮುಚ್ಚಿ, ಆ ಸೆಕೆಯಲ್ಲಿ ತಿಂಗಳುಗಟ್ಟಲೆ ವಾದಿಸಿದರಂತೆ. ಕೊನೆಯ ದಿನ ಅಲ್ಲಿದ್ದವರಲ್ಲಿ ಮೂವರು ಸಹಿ ಹಾಕಲಿಲ್ಲ. ಜನರ ಹಕ್ಕುಗಳನ್ನು ಬರೆದಿಲ್ಲವಲ್ಲ ಎಂಬುದು ಅವರ ಆಕ್ಷೇಪಗಳಲ್ಲಿ ಒಂದು. ಆಮೇಲೆ ಆ ಹಕ್ಕುಗಳನ್ನು ಸೇರಿಸಬೇಕಾಗಿಯೇ ಬಂತು. ಪರೀಕ್ಷೆಗೆ ಬೇಡದ ಈ ಕಥೆಯನ್ನು ಅತ್ತೆ ಮತ್ತೆ ಮತ್ತೆ ಹೇಳಿಸುತ್ತಿದ್ದರು. ಕಣ್ಣು ಮುಚ್ಚಿಕೊಂಡೇ, ಆ ಮೂವರನ್ನು ಯಾರೂ ಬೈಯಲಿಲ್ಲವೇ ಎಂದು ವಿಚಾರಿಸುತ್ತಿದ್ದರು. ನಾನು ಮುಂದಿನ ಚೀಟಿ ತೆಗೆಯುತ್ತಿದ್ದೆ.

ಚೀಟಿಗಳೆಲ್ಲ ಬಾಯಿಪಾಠವಾದ ದಿನ ಅರ್ಜಿ ತುಂಬಿ, ಪೆನ್ನನ್ನೂ ತೆರೆದು ಅವರ ಮುಂದಿಟ್ಟೆ. ಅತ್ತೆ ಪೆನ್ನಿನ ಮುಚ್ಚಳ ಹಾಕಿದರು.

“ನಿಮ್ಮ ಸಭೆ ಪಾಸ್ ಮಾಡ್ಬಿಟ್ಟಿದೆ ಕಣಮ್ಮ. ನಿಮ್ಮ ಅಧ್ಯಕ್ಷರ ಹಾಗೆ ನಾನು ವಾಪಸ್ ಕಳಿಸ್ತಾ ಇದೀನಿ.”

ನಾನು ನಕ್ಕೆ. ಅವರು ನಗಲಿಲ್ಲ.

“ಮೂರರಲ್ಲಿ ಎರಡು ಪಾಲು ವೋಟು ಇದ್ರೆ ನನ್ನ ಮಾತು ತಳ್ಳಿಹಾಕ್‌ಬಹುದು ಅಂತ ನೀನೇ ಹೇಳ್ಕೊಟ್ಟಿದೀಯ. ಮನೇಲಿ ನಾವು ಮೂರು ಜನ ದೊಡ್ಡೋರು. ನೀವಿಬ್ರೂ ಒಂದೇ ಕಡೆ ಇದೀರ. ಆದ್ರೆ ನಂಗೆ ಬೇಕಾ ಅಂತ ಒಬ್ರೂ ಕೇಳ್ಲಿಲ್ಲ.”

ಹುಟ್ಟಿದ ದೇಶದ ಪಾಸ್‌ಪೋರ್ಟನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬುದು ನನಗೆ ಅರ್ಜಿಯ ಜೊತೆ ಲಗತ್ತಿಸುವ ಇನ್ನೊಂದು ಕಾಗದದಷ್ಟೇ ಆಗಿತ್ತು. ಇಷ್ಟು ಕಲಿಸಿದ್ದು ದಂಡವಾಯಿತೆಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ನಾಚಿಕೆಯಾಯಿತು. ಆ ಪಾಠವನ್ನು ಮನಸ್ಸಿಗೆ ಹಚ್ಚಿಕೊಂಡವರು ಅವರೊಬ್ಬರೇ. ನಾನು ಕ್ಷಮೆ ಕೇಳಲಿಲ್ಲ, ಅರ್ಜಿಯನ್ನು ಮಾತ್ರ ಹರಿದೆ. ಅತ್ತೆ ತೀರಿಕೊಂಡು ಈಗ ಮೂರು ವರ್ಷ. ಅವರ ಪಾಸ್‌ಪೋರ್ಟು ನನ್ನ ಸೀರೆಗಳ ನಡುವೆ ಇದೆ. ಕೇಳಬೇಕಿದ್ದ ಕ್ಷಮೆ ಹಾಗೇ ಉಳಿದಿದೆ.

ಚೀಟಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಗುಡ್ಡದ ಮೇಲಿಂದ ಮಂಜು ಇಳಿಯತೊಡಗಿತ್ತು. ಎಂಟು ವರ್ಷದ ಮಗಳು ಬಂದು ಖಾಲಿ ಡಬ್ಬಿಗಳ ನಡುವೆ ನಿಂತಳು. ಕ್ಯುಪರ್ಟಿನೋದ ಹೊಸ ಸ್ಕೂಲು ಅವಳಿಗಾಗಿಯೇ, ಅವಳ ಒಳ್ಳೆಯದಕ್ಕೇ. ಅವಳಪ್ಪನದೂ ನನ್ನದೂ ವೋಟು ಎಂದೋ ಬಿದ್ದಾಗಿತ್ತು.

“ಅಮ್ಮ, ಈಸ್ ಇಟ್ ಡಿಸೈಡೆಡ್?” ಎಂದಳು.

ಲ್ಯಾಪ್‌ಟಾಪ್ ಮುಚ್ಚಿದೆ. “ಇಲ್ಲ ಪುಟ್ಟಿ. ನಿನ್ನನ್ನ ಕೇಳೋದು ಬಾಕಿ ಇದೆ.”

ಅವಳು ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಯಾವತ್ತಿನಿಂದಲೋ ಕೂಡಿಟ್ಟುಕೊಂಡಿದ್ದ ಕಾರಣಗಳನ್ನು ಒಂದೊಂದಾಗಿ ಹೇಳತೊಡಗಿದಳು. ನಾನು ಅತ್ತೆಯಂತೆ ಕಣ್ಣು ಮುಚ್ಚಿ ಕೇಳುತ್ತಾ ಹೋದೆ.